ಹಳೇ 4 ಜಿಬಿ ಮೆಷಿನ್, ಡೆಬಿಯನ್, ಫೈರ್‌ಫಾಕ್ಸ್: ಹ್ಯಾಂಗ್ ನಿಲ್ಸಿದ್ದು ಹೇಗೆ (ನನ್ನ ಅನುಭವ)

ನಮ್ಮ ಆನ್‌ಲೈನ್ ಸೆಂಟರ್‌ನಲ್ಲಿ ನಾಲ್ಕು ಮೆಷಿನ್ ಇದಾವೆ, ಎಲ್ಲಾ ಮೂರನೇ ಜನರೇಷನ್ ಐ3, 4 ಜಿಬಿ ಡಿಡಿಆರ್3 ರ‍್ಯಾಮ್, ತಿರುಗೋ ಹಾರ್ಡ್ ಡಿಸ್ಕ್. ಇವು ವಿಂಡೋಸ್ 11 ತಗೊಳಲ್ಲ, ಬಿಸಾಕಿ ಹೊಸದು ತಗೊಳಿ ಅಂತ ಸರ್ವಿಸ್‌ನವರು ಕೊಟ್ಟ ಕೊಟೇಷನ್ ಹತ್ರಹತ್ರ ಒಂದು ಲಕ್ಷ ಹತ್ತು ಸಾವಿರ. ನಾನು ಡೆಬಿಯನ್ 12 ಅನ್ನೋ ಪುಕ್ಕಟೆ ಲಿನಕ್ಸ್ ಹಾಕಿ, ಹಗುರವಾದ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ, ಬ್ರೌಸರ್‌ಗೆ ಫೈರ್‌ಫಾಕ್ಸ್ ಇಎಸ್‌ಆರ್ (ದೀರ್ಘಕಾಲ ಸಪೋರ್ಟ್ ಇರೋ ಆವೃತ್ತಿ) ಇಟ್ಟೆ. "ಇದ್ರಲ್ಲಿ ಅಂಗಡಿ ನಡೆಯಲ್ಲ ಬಿಡಿ" ಅಂದೋರೇ ಜಾಸ್ತಿ. ಈಗ ಅವೇ ಮೆಷಿನ್‌ನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೂ ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ರಿಸಲ್ಟ್ ಪ್ರಿಂಟು ಎಲ್ಲಾ ಆಗ್ತಿದೆ. ಒಟ್ಟು ಖರ್ಚು ಮೂರೂವರೆ ಸಾವಿರದ ಆಸುಪಾಸು.

ಮೊದಲು ಇದ್ದ ತೊಂದರೆ ಹೇಳ್ತೀನಿ. ಆರೇಳು ಟ್ಯಾಬ್ ತೆಗೆದ್ರೆ ಸಾಕು ಹಾರ್ಡ್ ಡಿಸ್ಕ್ ಲೈಟ್ ಹತ್ತಿದ್ದು ಆರೋದೇ ಇಲ್ಲ, ಮೌಸ್ ನಿಂತುಬಿಡತ್ತೆ, ಒಂದೊಂದ್ಸಲ ಐದು ನಿಮಿಷ ಹಾಗೇ, ಆಮೇಲೆ "ಗಾಹ್, ಯುವರ್ ಟ್ಯಾಬ್ ಜಸ್ಟ್ ಕ್ರ್ಯಾಶ್ಡ್" ಅಂತ ಬರತ್ತೆ, ಅರ್ಧ ತುಂಬಿದ ಅರ್ಜಿ ಹೋಯ್ತು, ಎದುರಿಗೆ ಕ್ಯೂ ನಿಂತಿರ್ತಾರೆ. ಡಿಮೆಸೇಜ್ (dmesg, ಲಿನಕ್ಸ್‌ನ ಒಳಗಿನ ಲಾಗ್) ನೋಡಿದ್ರೆ ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್, ಪಕ್ಕದಲ್ಲಿ "ಐಸೊಲೇಟೆಡ್ ವೆಬ್ ಕೊ" ಅಂತ ಅರ್ಧಕ್ಕೆ ತುಂಡಾದ ಹೆಸರು. ಅದು ಫೈರ್‌ಫಾಕ್ಸ್ ಟ್ಯಾಬ್‌ದೇ ಪ್ರೋಸೆಸ್, ಕರ್ನಲ್ (ಲಿನಕ್ಸ್‌ನ ತಿರುಳು) 15 ಅಕ್ಷರಕ್ಕೆ ಹೆಸರು ಕತ್ತರಿಸತ್ತೆ ಅಷ್ಟೇ.

ಎಲ್ಲರೂ ಹೇಳೋ ಮದ್ದು ಅಬೌಟ್ ಕಾನ್ಫಿಗ್‌ನಲ್ಲಿ (ಫೈರ್‌ಫಾಕ್ಸ್‌ನ ಒಳ ಸೆಟ್ಟಿಂಗ್ ಪೇಜ್) ಪ್ರೋಸೆಸ್ ಕೌಂಟ್ 8ರಿಂದ 2ಕ್ಕೆ ಇಳಿಸಿ ಅಂತ. ಇಳಿಸಿದೆ, ಏನೂ ಆಗಲಿಲ್ಲ. 2021ರ ಕೊನೆಯಲ್ಲಿ ಫಿಷನ್ (ಸೈಟುಗಳನ್ನ ಒಂದರಿಂದೊಂದು ಬೇರೆ ಇಡೋ ಸುರಕ್ಷತಾ ಏರ್ಪಾಡು) ಬಂದ್ಮೇಲೆ ಒಂದೊಂದು ಸೈಟಿಗೆ ಬೇರೆಬೇರೆ ಪ್ರೋಸೆಸ್, ಆ ನಂಬರ್ ಅದಕ್ಕೆ ಲೆಕ್ಕಕ್ಕೇ ಬರಲ್ಲ. ಹಳೇ ಟಿಪ್ಸೇ ಇನ್ನೂ ಓಡಾಡ್ತಿದಾವೆ. ಫಿಷನ್ನೇ ಆಫ್ ಮಾಡಿ ನೋಡಿದೆ, ಒಂದಿಷ್ಟು ಮೆಮೊರಿ ಉಳೀತು, ಆದ್ರೆ ಜನ ಬ್ಯಾಂಕ್ ಲಾಗಿನ್ ಮಾಡೋ ಮೆಷಿನ್ ಇದು, ವಾಪಸ್ ಆನ್ ಮಾಡಿದೆ, ನೀವೂ ಅದನ್ನ ಮುಟ್ಟಬೇಡಿ. ಫಾಲ್ಕನ್‌ನಂಥ ಸಣ್ಣ ಬ್ರೌಸರ್ ಹಾಕಿದ್ರೆ ನಾನು ದಿನಾ ಬಳಸೋ ಪೋರ್ಟಲ್‌ಗಳಲ್ಲಿ ಅರ್ಧದ ಪಾಪಪ್ ಬರಲ್ಲ, ಅದೂ ಬಿಟ್ಟೆ.

ಕೆಲಸ ಆಗಿದ್ದು ಬ್ರೌಸರ್ ಬಿಟ್ಟು ಅದರ ಕೆಳಗೆ ಕೈ ಹಾಕಿದಾಗ. ಝೀರ‍್ಯಾಮ್-ಟೂಲ್ಸ್ ಹಾಕಿ ಝಡ್‌ಎಸ್‌ಟಿಡಿ ಕಂಪ್ರೆಷನ್, ಪರ್ಸೆಂಟ್ 50 (ಅರ್ಧ ರ‍್ಯಾಮ್‌ನಷ್ಟು) ಕೊಟ್ಟೆ, ಸ್ವಾಪ್ ಜಾಸ್ತಿ ಬಳಸೋ ಹಂಗೆ ಸ್ವಾಪಿನೆಸ್ 150, ಒಂದ್ಸಲಕ್ಕೆ ಒಂದೇ ಪೇಜ್ ಓದೋ ಹಂಗೆ ಪೇಜ್ ಕ್ಲಸ್ಟರ್ 0 ಮಾಡಿದೆ, ಹಾರ್ಡ್ ಡಿಸ್ಕ್ ಸ್ವಾಪ್ (ರ‍್ಯಾಮ್ ತುಂಬಿದಾಗ ಮಿಕ್ಕಿದ್ದನ್ನ ಇಡೋ ಜಾಗ) ಪೂರ್ತಿ ತೆಗೆದೇಬಿಟ್ಟೆ. ಸ್ವಾಪ್ ಈಗ ರ‍್ಯಾಮ್ ಒಳಗೇ ಕಂಪ್ರೆಸ್ ಆಗಿ ಕೂರತ್ತೆ, ಡಿಸ್ಕ್ ಕಡೆ ಹೋಗೋದೇ ಇಲ್ಲ. ಅವತ್ತೇ ಆ ಐದು ನಿಮಿಷದ ಹ್ಯಾಂಗ್ ನಿಂತೋಯ್ತು. ಅದರ ಮೇಲೆ ಅರ್ಲಿಊಮ್ (ಮೆಮೊರಿ ಪೂರ್ತಿ ಮುಗಿಯೋ ಮೊದಲೇ ಒಂದು ಪ್ರೋಸೆಸ್ ಮುಚ್ಚೋ ಪ್ರೋಗ್ರಾಂ) ಹಾಕಿ, ಪ್ರಿಫರ್ ಆಪ್ಷನ್‌ನಲ್ಲಿ ಆ ಐಸೊಲೇಟೆಡ್ ವೆಬ್ ಕೊ ಹೆಸರು ಕೊಟ್ಟೆ, ಖಾಲಿ ಮೆಮೊರಿ, ಖಾಲಿ ಸ್ವಾಪ್ ಎರಡೂ ನೂರಕ್ಕೆ ಹತ್ತರ ಕೆಳಗೆ ಇಳಿದ್ರೆ ಒಂದು ಟ್ಯಾಬ್ ಮಾತ್ರ ಹೋಗತ್ತೆ, ಇಡೀ ಮೆಷಿನ್ ಉಳಿಯತ್ತೆ. ತುಂಬ್ತಿರೋ ಅರ್ಜಿಯ ಟ್ಯಾಬೇ ಹೋಗದಂಗೆ ನಾನೊಂದು ಏರ್ಪಾಡು ಮಾಡ್ಕೊಂಡಿದೀನಿ, ಅದು ನನ್ನ ಹತ್ರಾನೇ ಇರ್ಲಿ.

ಆಮೇಲೆ ಡಿಸ್ಕ್. ಐಓಟಾಪ್ (ಯಾವ ಪ್ರೋಗ್ರಾಂ ಡಿಸ್ಕಿಗೆ ಎಷ್ಟು ಬರೀತಿದೆ ಅಂತ ತೋರಿಸೋ ಟೂಲ್) ಹಾಕಿ ಸುಮ್ನೆ ಕೂತು ನೋಡಿ, ಫೈರ್‌ಫಾಕ್ಸ್ ಬರೀತಾನೇ ಇರತ್ತೆ, ಬಳಸ್ತಿರೋವಾಗ ಸೆಷನ್ ಸೇವ್ (ಓಪನ್ ಇರೋ ಟ್ಯಾಬ್‌ಗಳ ಪಟ್ಟಿ ಉಳಿಸೋದು) 15 ಸೆಕೆಂಡಿಗೊಂದ್ಸಲ. ಸೆಷನ್‌ಸ್ಟೋರ್ ಇಂಟರ್ವಲ್ 15000 ಇದ್ದಿದ್ದನ್ನ ಎರಡು ನಿಮಿಷಕ್ಕೆ ಏರಿಸಿದೆ, ಡಿಸ್ಕ್ ಕ್ಯಾಶ್ ಆಫ್ ಮಾಡಿದೆ, ಪ್ರೊಫೈಲನ್ನೇ (ಫೈರ್‌ಫಾಕ್ಸ್ ಸೆಟ್ಟಿಂಗ್ ಎಲ್ಲಾ ಇರೋ ಫೋಲ್ಡರ್) ಟಿಎಂಪಿಎಫ್‌ಎಸ್‌ಗೆ, ಅಂದ್ರೆ ರ‍್ಯಾಮ್ ಒಳಗಿನ ಫೋಲ್ಡರಿಗೆ, ಎತ್ತಿದೆ. ಮೊದಲು ಪ್ರೊಫೈಲ್ ಸಿಂಕ್ ಡೀಮನ್ ಹಾಕಿದ್ದೆ, ಒಳ್ಳೇದೇ, ಆದ್ರೆ ಅದು ಗಂಟೆಗೊಂದ್ಸಲ ಡಿಸ್ಕಿಗೆ ಇಳಿಸತ್ತೆ, ನಮ್ಮೂರಲ್ಲಿ ಕರೆಂಟು ಅಷ್ಟು ಹೊತ್ತು ಕಾಯಲ್ಲ. ಯುಪಿಎಸ್ ಬ್ಯಾಟರಿ ಒಂದಕ್ಕೆ ಎರಡೂವರೆ ಸಾವಿರ ಹೇಳಿದ್ರು, ಬೇಡ ಅಂತ ಆರ್‌ಸಿಂಕ್ (ಬದಲಾದ ಫೈಲ್ ಮಾತ್ರ ಕಾಪಿ ಮಾಡೋ ಟೂಲ್) ಬಳಸಿ ಅದಕ್ಕಿಂತ ಬೇಗಬೇಗ ಡಿಸ್ಕಿಗೆ ಇಳಿಸೋ ನನ್ನದೇ ಸ್ಕ್ರಿಪ್ಟ್ ಬರೆದೆ, ಹತ್ತು ಸಾಲಿದೆ ಅಷ್ಟೇ. ಆರ್‌ಸಿಂಕ್ ಗೊತ್ತಿರೋರು ಒಂದು ಸಂಜೆ ಕೂತ್ರೆ ಬರೀಬಹುದು.

ಇಷ್ಟಾದ್ರೂ ಮೂರನೇ ಮೆಷಿನ್ ಮಾತ್ರ ಬಗ್ಗಲಿಲ್ಲ. ಮೆಮೊರಿ ಖಾಲಿ ಇದ್ರೂ ಟ್ಯಾಬ್ ಕ್ರ್ಯಾಶ್. ಸೇಫ್ ಮೋಡ್, ಹೊಸ ಪ್ರೊಫೈಲ್, ಪ್ಯಾಕೇಜ್ ತೆಗೆದು ಮತ್ತೆ ಹಾಕೋದು, ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ರಾತ್ರಿಯಿಡೀ ಮೆಮ್‌ಟೆಸ್ಟ್ ಬಿಟ್ಟೆ, ಬೆಳಗ್ಗೆ ಸ್ಕ್ರೀನ್ ತುಂಬಾ ಕೆಂಪು. ರ‍್ಯಾಮ್ ಸ್ಟಿಕ್ಕೇ ಹಾಳು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ತಂದೆ, ಆರುನೂರೋ ಏನೋ ಕೊಟ್ಟೆ, ಅದೂ ಟೆಸ್ಟ್‌ನಲ್ಲಿ ಫೇಲು, ಬದಲಾಯಿಸೋಕೆ ಮತ್ತೆ ಬಸ್ ಚಾರ್ಜು. ಅಂಗಡಿಯಲ್ಲೇ ಮೆಮ್‌ಟೆಸ್ಟ್ ಪೆನ್‌ಡ್ರೈವ್ ಹಾಕಿ ನೋಡೇ ದುಡ್ಡು ಕೊಡಿ. ಬ್ರೌಸರ್ ಅಷ್ಟೊಂದು ರ‍್ಯಾಮ್ ಬಳಸೋದ್ರಿಂದ ಕೆಟ್ಟ ಸ್ಟಿಕ್ ಮೊದಲು ಗೊತ್ತಾಗೋದು ಅಲ್ಲೇ, ಜನ ಬ್ರೌಸರ್‌ನ ಬೈತಾರೆ.

ಇನ್ನೊಂದು ಮೆಷಿನ್‌ನಲ್ಲಿ ಕರೆಂಟ್ ಹೋಗಿ ಬಂದ್ರೆ ಯಾವ ಸೈಟೂ ಓಪನ್ ಆಗ್ತಿರಲಿಲ್ಲ, ಎಲ್ಲದಕ್ಕೂ ಸರ್ಟಿಫಿಕೇಟ್ ಎರರ್, "ನಾಟ್ ಯೆಟ್ ವ್ಯಾಲಿಡ್" ಅಂತ. ತಾರೀಖು ನೋಡಿದ್ರೆ ಹನ್ನೆರಡು ವರ್ಷ ಹಿಂದಿದೆ! ಗಡಿಯಾರ ನಡೆಸೋ ಬಯಾಸ್ ಬ್ಯಾಟರಿ ಸತ್ತಿದೆ, ಮಿನಿಮಲ್ ಇನ್‌ಸ್ಟಾಲ್ ಆಗಿದ್ರಿಂದ ನೆಟ್‌ನಿಂದ ಟೈಮ್ ಸರಿಮಾಡೋ ಟೈಮ್‌ಸಿಂಕ್‌ಡಿನೂ ಇಲ್ಲ. ಸಿಆರ್2032 ಬ್ಯಾಟರಿ ನಲವತ್ತು ರೂಪಾಯಿ, ಒಂದು ಆಪ್ಟ್ ಇನ್‌ಸ್ಟಾಲ್, ಮುಗೀತು. ಇದಕ್ಕೇ ಮದರ್‌ಬೋರ್ಡ್ ಹೋಗಿದೆ ಅಂದಿದ್ರು.

ನಡುವೆ ವಿಡಿಯೋ ಪ್ರಯೋಗಾನೂ ಮಾಡ್ದೆ, ಹುಡುಗರು ಕೋಚಿಂಗ್ ಕ್ಲಾಸ್ ನೋಡೋಕೆ ಬರ್ತಾರಲ್ಲ. ಫೈರ್‌ಫಾಕ್ಸ್ 115ರಿಂದ ಇಂಟೆಲ್ ಗ್ರಾಫಿಕ್ಸ್‌ಗೆ ಹಾರ್ಡ್‌ವೇರ್ ಡಿಕೋಡ್ (ವಿಡಿಯೋ ಬಿಡಿಸೋ ಕೆಲಸ ಸಿಪಿಯು ಬದಲು ಗ್ರಾಫಿಕ್ಸ್ ಚಿಪ್ಪೇ ಮಾಡೋದು) ತಾನಾಗೇ ಆನ್ ಇದೆ, ಆದ್ರೆ ಈ ಹಳೇ ಚಿಪ್‌ಗೆ ವಿಪಿ9 ಅನ್ನೋ ವಿಡಿಯೋ ಫಾರ್ಮ್ಯಾಟ್ ಬರಲ್ಲ, ಎಚ್264 ಮಾತ್ರ. ಐ965 ಡ್ರೈವರ್ ಹಾಕಿ, ಯೂಟ್ಯೂಬ್ ಎಚ್264ನೇ ಕಳಿಸೋ ಹಂಗೆ ಮಾಡೋ ಎಚ್264ಇಫೈ ಆಡಾನ್ ಹಾಕಿ, ಇಂಟೆಲ್ ಜಿಪಿಯು ಟಾಪ್‌ನಲ್ಲಿ (ಗ್ರಾಫಿಕ್ಸ್ ಚಿಪ್ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸೋ ಟೂಲ್) ವಿಡಿಯೋ ಸಾಲು ಏರೋದನ್ನ ಕಣ್ಣಾರೆ ನೋಡ್ಕೊಳ್ಳಿ, ಇಲ್ದಿದ್ರೆ ಆಗಿಲ್ಲ ಅಂತಾನೇ ಅರ್ಥ. ಸಿಪಿಯು ಎಂಬತ್ತರ ಮೇಲಿದ್ದಿದ್ದು ಇಪ್ಪತ್ತೈದು ಮೂವತ್ತಕ್ಕೆ ಬಂತು. ಹಾಗೇ ಗುಬ್ಬಿ ಫಾಂಟ್ ಹಾಕಿ ಕನ್ನಡಕ್ಕೆ ಅದೇ ಮೊದಲು ಬರೋ ಹಂಗೆ ಫಾಂಟ್‌ಕಾನ್ಫಿಗ್‌ನಲ್ಲಿ (ಲಿನಕ್ಸ್‌ನ ಫಾಂಟ್ ಸೆಟ್ಟಿಂಗ್) ಬರೆದೆ, ಒತ್ತಕ್ಷರ ಎಷ್ಟು ಚೆನ್ನಾಗಿ ಕೂರತ್ತೆ ಅಂದ್ರೆ ವಯಸ್ಸಾದೋರು ಕನ್ನಡಕ ಇಲ್ದೇ ಸ್ಕ್ರೀನ್ ಓದ್ತಿದಾರೆ, ನಂಗೆ ಇದರಷ್ಟು ಖುಷಿ ಬೇರೆ ಯಾವುದ್ರಲ್ಲೂ ಆಗಿಲ್ಲ.

ಈಗ ಒಂದು ಮೆಷಿನ್ ಡೆಬಿಯನ್ 13ಕ್ಕೆ ಏರಿಸಿದೀನಿ. ಅದ್ರಲ್ಲಿ ತಾತ್ಕಾಲಿಕ ಫೈಲುಗಳ ಟಿಎಂಪಿ ಫೋಲ್ಡರ್ ತಾನಾಗೇ ರ‍್ಯಾಮ್‌ಗೆ ಹೋಗತ್ತೆ, ಅರ್ಧ ರ‍್ಯಾಮ್‌ವರೆಗೂ ತುಂಬ್ಕೊಬಹುದು, ಪ್ರೊಫೈಲ್ ಬೇರೆ ರ‍್ಯಾಮ್‌ನಲ್ಲಿದೆ, ದೊಡ್ಡ ಸ್ಕ್ಯಾನ್ ಫೈಲುಗಳು ಟಿಎಂಪಿಗೆ ಬಂದ್ರೆ 4 ಜಿಬಿ ಸಾಲಲ್ಲ. ಟಿಎಂಪಿ ಮೌಂಟ್ ಯುನಿಟ್ಟನ್ನ ಸಿಸ್ಟಂಸಿಟಿಎಲ್ ಕಮ್ಯಾಂಡ್‌ನಲ್ಲಿ ಮಾಸ್ಕ್ ಮಾಡಿ (ಶುರುವಾಗದಂಗೆ ತಡೆದು) ರೀಬೂಟ್ ಮಾಡಿದೆ, ಮತ್ತೆ ಡಿಸ್ಕಿಗೆ ಬಂತು. ಏರಿಸೋರು ಇದನ್ನ ಮೊದಲೇ ಮಾಡ್ಕೊಳ್ಳಿ.