ಹಳೇ ಕಂಪನಿ ಸಂಬಳ, ಪಿಎಫ್ ಬಾಕಿ ಉಳಿಸಿಕೊಂಡಿದ್ದರೆ ಹೀಗೆ ಮಾಡಿ

"ಮುಂದಿನ ವಾರ ಹಾಕ್ತೀವಿ" ಅಂತ ಎಚ್‌ಆರ್‌ನವರು ಮೂರನೇ ಸಲ ಹೇಳಿದ ಮೇಲೆ ಫೋನ್ ಮಾಡೋದು ಬಿಡಿ. ಇನ್ನು ಏನಿದ್ದರೂ ಇಮೇಲ್‌ನಲ್ಲೇ. ಅದೂ ನಿಮ್ಮ ಸ್ವಂತ ಐಡಿಯಿಂದ, ಕಂಪನಿ ಮೇಲ್ ಯಾವಾಗ ಬಂದ್ ಆಗುತ್ತೋ ಹೇಳೋಕಾಗಲ್ಲ.

ಮೊದಲು ಪಿಎಫ್ ಪಾಸ್‌ಬುಕ್ ತೆಗೆಯಿರಿ. ಉಮಂಗ್ ಆ್ಯಪ್‌ನಲ್ಲಿ ನಿಮ್ಮ ಯುಎಎನ್, ಅಂದರೆ 12 ಅಂಕಿಯ ಪಿಎಫ್ ಸದಸ್ಯ ಸಂಖ್ಯೆ ಹಾಕಿದರೆ ಸಿಗುತ್ತೆ. ಪಕ್ಕದಲ್ಲಿ ಪೇ ಸ್ಲಿಪ್ ಇಟ್ಟುಕೊಂಡು ಒಂದೊಂದೇ ತಿಂಗಳು ತಾಳೆ ನೋಡಿ. ಬೇಸಿಕ್ (ಮೂಲ ವೇತನ), ಡಿಎ (ತುಟ್ಟಿಭತ್ಯೆ) ಸೇರಿ 15,000 ಇದ್ದರೆ ನಿಮ್ಮ ಸಂಬಳದಿಂದ 12%, ಅಂದರೆ 1,800 ಹಿಡಿದಿರುತ್ತಾರೆ. ಕಂಪನಿಯೂ ಅಷ್ಟೇ ಕಟ್ಟಬೇಕು. ಕಂಪನಿ ಪಾಲು ಬರೀ 550 ಅಂತ ಕಂಡರೆ ಗಾಬರಿ ಬೀಳಬೇಡಿ, ಉಳಿದ 1,250 ಪಕ್ಕದ ಪೆನ್ಷನ್ ಕಾಲಂನಲ್ಲಿರುತ್ತೆ. ಎಷ್ಟೋ ಜನ ಇದೊಂದನ್ನೇ ನೋಡಿ ಸುಮ್ನೆ ಜಗಳಕ್ಕೆ ಹೋಗ್ತಾರೆ. ಆದರೆ ಸ್ಲಿಪ್‌ನಲ್ಲಿ 1,800 ಹಿಡಿದಿದ್ದಾರೆ, ಪಾಸ್‌ಬುಕ್‌ನಲ್ಲಿ ಆ ತಿಂಗಳೇ ಇಲ್ಲ ಅಂದರೆ, ಮುಂದಿನ ತಿಂಗಳ 15ರೊಳಗೆ ಕಟ್ಟಬೇಕಾದ ದುಡ್ಡನ್ನು ಅವರು ಇಟ್ಟುಕೊಂಡಿದ್ದಾರೆ ಅಂತಲೇ ಅರ್ಥ, ಮತ್ತು ಅದು ಕ್ರಿಮಿನಲ್ ಕೇಸ್ ಆಗೋ ವಿಷಯ.

ಯಾವ ತಿಂಗಳು, ಎಷ್ಟು ಬಾಕಿ ಅಂತ ಪಟ್ಟಿ ಮಾಡಿ ಕಂಪನಿಗೆ ಮೇಲ್ ಮಾಡಿ, 15 ದಿನ ಟೈಮ್ ಕೊಡಿ. ಆಮೇಲೂ ಕಟ್ಟದಿದ್ದರೆ ಪಿಎಫ್ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಇಪಿಎಫ್‌ಒದ ದೂರಿನ ಪೋರ್ಟಲ್‌ಗೆ ಹೋಗಿ ಅದೇ ಪಟ್ಟಿ, ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಹಾಕಿ. ಮ್ಯಾನೇಜರ್ ಎಷ್ಟು ಕೆಟ್ಟವನು ಅನ್ನೋ ಕಥೆಯೆಲ್ಲ ಅಲ್ಲಿ ಬೇಡ. ಪಿಎಫ್ ಆಫೀಸಿನವರು ವಿಚಾರಣೆ ಮಾಡಿ ಬಾಕಿ ವಸೂಲಿ ಮಾಡಬಹುದು, ತಡವಾದ ದುಡ್ಡಿಗೆ ವರ್ಷಕ್ಕೆ 12% ಬಡ್ಡಿ, ಮೇಲೆ ದಂಡ. ಕಂಪನಿಗಳು ಹೆದರೋದು ಇದಕ್ಕೇ.

ಸಂಬಳದ ಬಾಕಿ ಪಿಎಫ್ ಆಫೀಸಿಗೆ ಸೇರಿದ್ದಲ್ಲ, ಅದಕ್ಕೆ ಕಾರ್ಮಿಕ ಇಲಾಖೆ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆ ಪ್ರಕಾರ, ನೀವೇ ರಾಜೀನಾಮೆ ಕೊಟ್ಟಿದ್ದರೂ ಎರಡು ಕೆಲಸದ ದಿನಗಳಲ್ಲಿ ಸಂಬಳ ಕೊಡಬೇಕು. ಕ್ಲೇಮ್ ಹಾಕೋಕೆ 3 ವರ್ಷ ಟೈಮ್ ಇದೆ. ಕೊಟ್ಟಿದ್ದೀವಿ ಅಂತ ಸಾಬೀತು ಮಾಡೋ ಹೊಣೆ ಕಂಪನಿಯದ್ದೇ.

ಐದು ವರ್ಷ ದುಡಿದಿದ್ದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಕಂಪನಿ ಕೊಡೋ ಇಡಿಗಂಟು, ಮರೀಬೇಡಿ. ಕೊನೆಯ ಬೇಸಿಕ್, ಡಿಎ ಸೇರಿ 26,000 ಇದ್ದರೆ 26ರಿಂದ ಭಾಗಿಸಿ 15ರಿಂದ ಗುಣಿಸಿ, ವರ್ಷಕ್ಕೆ 15,000. ಆರು ವರ್ಷಕ್ಕೆ 90,000. ಸಣ್ಣ ಮೊತ್ತ ಅಲ್ಲ, ಅಲ್ವಾ?

ದುಡ್ಡು ಅಕೌಂಟಿಗೆ ಬೀಳೋ ತನಕ "ಎಲ್ಲ ಬಾಕಿ ಸಂದಾಯವಾಗಿದೆ" ಅನ್ನೋ ಕಾಗದಕ್ಕೆ ಸಹಿ ಹಾಕಬೇಡಿ, ರಿಲೀವಿಂಗ್ ಲೆಟರ್ ಕೊಡಲ್ಲ ಅಂತ ಹೆದರಿಸಿದರೂ ಸರಿ. ಪಿಎಫ್‌ನಲ್ಲಿ ನೀವು ಬಿಟ್ಟ ತಾರೀಖು ಅವರು ಹಾಕದೇ ಸತಾಯಿಸಿದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಯುಎಎನ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.