ಕಾಫಿ ಹೊಟ್ಟಿನ ಇದ್ದಿಲಿಗೆ ಪಾಲಿಅನಿಲಿನ್ ಹಿಡಿಸಿದ್ದು

ಕಾಫಿ ಹೊಟ್ಟಿನ ಇದ್ದಿಲಿಗೆ ಪಾಲಿಅನಿಲಿನ್ (ಕರೆಂಟು ಹರಿಯಬಿಡುವ ಪಾಲಿಮರ್) ಹಿಡಿಸಿ ಸೂಪರ್‌ಕೆಪಾಸಿಟರಿಗೆ, ಅಂದರೆ ಬೇಗ ಚಾರ್ಜ್ ಆಗಿ ಇಳಿಯುವ ಸಾಧನಕ್ಕೆ, ಎಲೆಕ್ಟ್ರೋಡ್ ಮಾಡುತ್ತೇನೆ ಅಂದಿದ್ದೆ. ಪಾಲಿಮರ್ ಹಾಕಿದರೆ ರಂಧ್ರವೆಲ್ಲ ಮುಚ್ಚಿಹೋಗುತ್ತದೆ, ಸುಮ್ನೆ ತೆಂಗಿನ ಚಿಪ್ಪಿನ ಕಾರ್ಬನ್ ತರಿಸಿ ಕೆಲಸ ಮುಗಿಸಿ ಅಂತ ನಮ್ಮ ವಿಭಾಗದಲ್ಲಿ ಎಲ್ಲರೂ ಹೇಳಿದ್ದರು. ಹೋದ ತಿಂಗಳು ಎರಡು ಸಾವಿರ ಸಲ ಚಾರ್ಜ್ ಮಾಡಿ ಇಳಿಸಿದ ಮೇಲೂ ನನ್ನ ಎಲೆಕ್ಟ್ರೋಡ್‌ನ ಚಾರ್ಜ್ ಹಿಡಿಯುವ ಸಾಮರ್ಥ್ಯ ಮೊದಲಿನ ಶೇ 88ರ ಆಸುಪಾಸಿನಲ್ಲಿ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ.

ಹೊಟ್ಟು ಮೂಡಿಗೆರೆ ಕಡೆಯ ರೋಬಸ್ಟಾ ಚೆರ್ರಿಯದು. ತೋಟದವರು ಎರಡು ಚೀಲಕ್ಕೆ ದುಡ್ಡೇ ತಗೊಳ್ಳಲಿಲ್ಲ. ಕಾಫಿ ಹೊಟ್ಟಿನಲ್ಲಿ ಪೊಟ್ಯಾಶ್ ಮೊದಲೇ ಜಾಸ್ತಿ, ಅಲ್ವಾ? ಅದನ್ನು ಲೆಕ್ಕಕ್ಕೆ ಹಿಡಿಯದೆ ಇದ್ದಿಲಿನಲ್ಲಿ ರಂಧ್ರ ಕೊರೆಯಲು ಅದಕ್ಕೆ ನಾಲ್ಕು ಪಟ್ಟು ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹಾಕಿ 800 ಡಿಗ್ರಿಗೆ ಏರಿಸಿದೆ. ಫರ್ನೇಸಿನೊಳಗೆ ಇಡುವ ಅಲ್ಯೂಮಿನಾ ಬೋಟ್ (ಪಿಂಗಾಣಿಯಂಥ ತಟ್ಟೆ) ತಿಂದುಹೋಯಿತು, ಕೈಗೆ ಸಿಕ್ಕಿದ್ದು ಚಿಟಿಕೆಯಷ್ಟು ಕಾರ್ಬನ್. ಆಮೇಲೆ ಹೊಟ್ಟನ್ನು ಮೊದಲೇ ತೊಳೆದು, ಕೆಒಎಚ್ ಅನ್ನು ಮೂರು ಪಟ್ಟಿಗೆ ಇಳಿಸಿ, ನಿಕಲ್ ಕ್ರೂಸಿಬಲ್‌ನಲ್ಲಿ 700ಕ್ಕೆ ನಿಲ್ಲಿಸಿದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಎರಡು ಬ್ಯಾಚ್ ಅರ್ಧಂಬರ್ಧವಾದವು. ನೈಟ್ರೋಜನ್ ಸಿಲಿಂಡರ್, ಫರ್ನೇಸ್ ಕಾಯಿಲ್, ಹೊರಗೆ ಕಳಿಸಿದ ಬಿಇಟಿ ಟೆಸ್ಟು (ರಂಧ್ರಗಳ ಒಳಗೂ ಸೇರಿ ಮೇಲ್ಮೈ ಎಷ್ಟು ಅಂತ ಅಳೆಯುವುದು) ಎಲ್ಲ ಸೇರಿ 45 ಸಾವಿರದ ಹತ್ತಿರ ನನ್ನ ಕೈಯಿಂದಲೇ ಹೋಗಿದೆ.

ಪಾಲಿಮರ್ ಹಿಡಿಸುವಾಗ ಮೊದಲ ಸಲ ಕಾರ್ಬನ್ನಿನಷ್ಟೇ ಅನಿಲಿನ್ ಹಾಕಿ, ಅದನ್ನು ಪಾಲಿಅನಿಲಿನ್ ಮಾಡುವ ಪರ್ಸಲ್ಫೇಟ್ ಒಟ್ಟಿಗೇ ಸುರಿದಿದ್ದೆ. ಬಾಟಲಿಯ ಅನಿಲಿನ್ ಕಂದು ತಿರುಗಿದ್ದನ್ನೂ ಬಟ್ಟಿ ಇಳಿಸದೆ ಬಳಸಿದ್ದೆ. ಕಡುಹಸಿರು ಹೆಪ್ಪು ಬೇರೆಯಾಗಿಯೇ ಕೂತಿತು. ಮೇಲ್ಮೈ ಗ್ರಾಮಿಗೆ 1,900 ಚದರ ಮೀಟರಿನಿಂದ 250ಕ್ಕೆ ಬಿತ್ತು. ಒಂದು ವಾರ ಲ್ಯಾಬ್ ಕಡೆ ಹೋಗಲು ಮನಸ್ಸಾಗಲಿಲ್ಲ.

ದಾರಿ ಸಿಕ್ಕಿದ್ದು ಕಡಿಮೆ ಮಾಡಿದಾಗ. ಅನಿಲಿನ್ ಕಾರ್ಬನ್ನಿನ ಐದನೇ ಒಂದು ಪಾಲು ಸಾಕು. ಆ್ಯಸಿಡ್‌ನಲ್ಲಿ ಕಾರ್ಬನ್ ಜೊತೆ ನೆನೆಯಲು ಬಿಟ್ಟು, ಐಸ್ ಮೇಲಿಟ್ಟು, ಪರ್ಸಲ್ಫೇಟನ್ನು ಎರಡು ಗಂಟೆ ತೊಟ್ಟುತೊಟ್ಟಾಗಿ ಬಿಡಬೇಕು. ಎಷ್ಟು ಹೊತ್ತು ನೆನೆಸಿದೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಶೋಧಿಸುವಾಗ ಕೆಳಗೆ ಹಸಿರು ಕಣ ಇಳಿದರೆ ಪಾಲಿಮರ್ ಹೊರಗೇ ಬೆಳೆದಿದೆ ಅಂತ ಅರ್ಥ. ಈ ಸಲ ಇಳಿದದ್ದು ತಿಳಿಯಾಗಿದ್ದು, ಫ್ಲಾಸ್ಕಿನ ಹಿಂದೆ ಇಟ್ಟ ಪೇಪರಿನ ಅಕ್ಷರ ಓದಲು ಬರುತ್ತಿತ್ತು. ಬಿಇಟಿ 1,200 ದಾಟಿತು.

ಎಲೆಕ್ಟ್ರೋಡ್ ಮಾಡಲು ಈ ಪುಡಿಯನ್ನು ನಿಕಲ್ ಫೋಮ್ ಮೇಲೆ ಬಳಿದು ಸಲ್ಫ್ಯೂರಿಕ್ ಆ್ಯಸಿಡ್‌ಗೆ ಇಳಿಸಬೇಡಿ, ಫೋಮ್ ಕರಗುತ್ತದೆ. ನಾನು ಮೂರು ತುಂಡು ಕಳೆದುಕೊಂಡೆ. ಗ್ರ್ಯಾಫೈಟ್ ಶೀಟೇ ಸರಿ. ಚಾರ್ಜ್ ಮಾಡುವಾಗ 0.8 ವೋಲ್ಟ್ ಮೇಲೆ ನಾನು ಹೋಗುವುದಿಲ್ಲ. ಬರೀ ಕಾರ್ಬನ್ ಗ್ರಾಮಿಗೆ 170 ಫ್ಯಾರಡ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ) ಕೊಡುತ್ತಿತ್ತು, ಇದು 310ರ ಹತ್ತಿರ.

ಉಳಿದ ಪುಡಿ ಕಾರ್ಬನ್ ಡೈಆಕ್ಸೈಡ್ ಹಿಡಿಯುತ್ತದಾ ನೋಡೋಣ ಅಂತ ಅದನ್ನು ನೈಟ್ರೋಜನ್‌ನಲ್ಲಿ ಮತ್ತೆ 600ಕ್ಕೆ ಕಾಯಿಸಿದೆ. ಪಾಲಿಮರ್ ಸುಟ್ಟು ಇದ್ದಿಲಾದರೂ ಅದರ ನೈಟ್ರೋಜನ್ನಿನಲ್ಲಿ ಒಂದಷ್ಟು ಉಳಿಯುತ್ತದೆ. ಕೋಣೆಯ ಬಿಸಿಗೆ, ಮಾಮೂಲಿ ಒತ್ತಡದಲ್ಲಿ ಅದು ಗ್ರಾಮಿಗೆ 3 ಮಿಲಿಮೋಲ್‌ನಷ್ಟು ಕಾರ್ಬನ್ ಡೈಆಕ್ಸೈಡ್ ಹಿಡಿಯಿತು. ಬರೀ ಕಾರ್ಬನ್ ಹಿಡಿದಿದ್ದು ಎರಡೂಕಾಲು. ಅರೇಬಿಕಾ ಪಾರ್ಚ್‌ಮೆಂಟ್ (ಬೀಜಕ್ಕೆ ಅಂಟಿಕೊಂಡಿರುವ ಒಣ ಹೊದಿಕೆ) ಸಿಪ್ಪೆಯಲ್ಲೂ ಇದನ್ನೇ ಮಾಡಲು ಒಂದು ಚೀಲ ತಂದು ಒಣಗಿಸಿಟ್ಟಿದ್ದೇನೆ.