ಹಳೇ ಗೋದ್ರೇಜ್ ಫ್ರಿಜ್ಜಿಗೆ ಅದರದೇ ಕಂಪ್ರೆಸರ್: ನನ್ನ ಅನುಭವ

ಹಳೇ ಫ್ರಿಜ್ ಬಂತು ಅಂದರೆ ನಮ್ಮ ಮೆಕ್ಯಾನಿಕ್ಕುಗಳು ಮೊದಲು ಮಾಡೋ ಕೆಲಸ ಕಂಪ್ರೆಸರ್ ಕತ್ತರಿಸೋದು. ಹೊಸದು ಕೂರಿಸಿ, 134ಎ ಅನ್ನೋ ತಂಪು ಮಾಡೋ ಗ್ಯಾಸ್ ತುಂಬಿ, ಏಳೆಂಟು ಸಾವಿರ ಬಿಲ್ ಮಾಡಿ ಕಳಿಸುತ್ತಾರೆ. ಈ ಫ್ರಿಜ್ಜಿಗೂ ಎಲ್ಲರೂ ಅದನ್ನೇ ಹೇಳಿದರು. "ಅಣ್ಣಾ, ಅದರಲ್ಲಿ ಏನೂ ಉಳಿದಿಲ್ಲ, ಸುಮ್ನೆ ಹೊಸ ಸೆಟ್ ಹಾಕಿ ಕೊಡು" ಅಂದರು. ನಾನು ಹಳೇ ಕಂಪ್ರೆಸರ್ರನ್ನೇ ಉಳಿಸಿಕೊಂಡು ಹೈಡ್ರೋಕಾರ್ಬನ್ ಮಿಕ್ಸ್ (ಪ್ರೊಪೇನ್-ಐಸೋಬ್ಯುಟೇನ್ ಗ್ಯಾಸ್) ತುಂಬಿದೆ. ಎರಡು ಬೇಸಿಗೆ ದಾಟಿದೆ, ಫ್ರೀಜರ್ ಪೂರ್ತಿ ಐಸ್ ಕಟ್ಟುತ್ತಿದೆ. ಈಗ ಧೈರ್ಯವಾಗಿ ಬರೆಯಬಹುದು.

ಫ್ರಿಜ್ 60ರ ದಶಕದ್ದು, ಮೈಸೂರಿನ ಲಕ್ಷ್ಮೀಪುರಂನ ಒಂದು ಮನೆಯದು. ಹಿಡಿಕೆ ಎಳೆದರೆ ಟಕ್ ಅಂತ ಬಿಚ್ಚಿಕೊಳ್ಳೋ ಲಾಚ್ ಬಾಗಿಲು, ಒಳಗೆ ಎನಾಮಲ್ ಹಾಕಿದ ಉಕ್ಕಿನ ತೊಟ್ಟಿ. ಗೋದ್ರೇಜ್‌ನವರು ಫ್ರಿಜ್ ಮಾಡೋಕೆ ಶುರು ಮಾಡಿದ್ದೇ 1958ರಲ್ಲಿ, ಅಂದಮೇಲೆ ಇದು ಮೊದಮೊದಲ ಕಾಲದ ಮಾಲು. ಆ ತಗಡಿನ ದಪ್ಪ ಈಗಿನ ಯಾವ ಫ್ರಿಜ್ಜಲ್ಲೂ ಸಿಗಲ್ಲ. ಗುಜರಿಯವನು ಒಂಬೈನೂರು ಕೊಡ್ತೀನಿ ಅಂದಿದ್ದನಂತೆ.

ನನ್ನ ಹತ್ತಿರ ಬರೋ ಮುಂಚೆ ಯಾರೋ ಒಬ್ಬರು ಆರ್-12 (ಇದರ ಮೂಲ ಗ್ಯಾಸ್) ಜಾಗಕ್ಕೆ ನೇರವಾಗಿ 134ಎ ತುಂಬಿದ್ದರು, ಆಯಿಲ್ ಬದಲಾಯಿಸದೆ. ಒಂದು ತಿಂಗಳು ತಂಪಾಗಿ ಆಮೇಲೆ ನಿಂತಿದೆ. ಗೊತ್ತಿರೋ ವಿಷಯವೇ ಅಲ್ವಾ, ಮಿನರಲ್ ಆಯಿಲ್ 134ಎ ಜೊತೆ ಬೆರೆಯಲ್ಲ, ಹೋದ ಆಯಿಲ್ ಕಂಪ್ರೆಸರ್ರಿಗೆ ವಾಪಸ್ ಬರಲ್ಲ. ಕ್ಯಾಪಿಲರಿ (ಗ್ಯಾಸ್ ಹಾಯೋ ಸಣ್ಣ ತೂತಿನ ಪೈಪ್) ಕಟ್ ಮಾಡಿ ನೈಟ್ರೋಜನ್ ಬಿಟ್ಟಾಗ ಫ್ರೀಜರ್ ತಂಪು ಮಾಡೋ ಭಾಗ, ಅಂದರೆ ಇವಾಪೊರೇಟರ್‌ನಿಂದ ಅರ್ಧ ಲೋಟದಷ್ಟು ಆಯಿಲ್ ಬಂತು. ತೇವ ಹೀರೋ ಡ್ರೈಯರ್ ಕಡೆ ಕ್ಯಾಪಿಲರಿ ಬಾಯಲ್ಲಿ ಮೇಣದ ಥರದ ಕಂದು ಅಂಟು ಗಟ್ಟಿಯಾಗಿ ಕೂತಿತ್ತು, ಸೂಜಿಯಲ್ಲಿ ಕೆದಕಿದರೆ ಎಳೆ ಎಳೆಯಾಗಿ ಬರುತ್ತಿತ್ತು. ಕ್ಯಾಪಿಲರಿ ಪೂರ್ತಿ ಬದಲಾಯಿಸಿದೆ, ಅದೇ ಬೋರ್, ಅದೇ ಉದ್ದ. ಉದ್ದದಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.

ಕಂಪ್ರೆಸರ್ ಜಾಮ್ ಆಗಿತ್ತು. ಸಪ್ಲೈ ಕೊಟ್ಟರೆ ಹಮ್ ಅನ್ನೋದು, ಬಿಸಿಯಾದರೆ ಕರೆಂಟ್ ತಪ್ಪಿಸೋ ಓವರ್‌ಲೋಡ್ ಕಡಿಯೋದು. ಮೂರೂ ಪಿನ್ನಿನ ಓಮ್ಸ್ (ಕಾಯಿಲಿನ ರೆಸಿಸ್ಟೆನ್ಸ್) ಲೆಕ್ಕ ಸರಿ ಬಂತು, ಪಿನ್ನಿಗೂ ಕಂಪ್ರೆಸರ್ ಬಾಡಿಗೂ ಮೆಗ್ಗರ್ (ಇನ್ಸುಲೇಶನ್ ನೋಡೋ ಮೀಟರ್) ಹಚ್ಚಿದರೆ ಕರೆಂಟ್ ಲೀಕೇಜ್ ಇಲ್ಲ. ಅಂದರೆ ಕಾಯಿಲ್ ಚೆನ್ನಾಗಿದೆ, ಪಿಸ್ಟನ್ ಮಾತ್ರ ಹಿಡಿದಿದೆ. ಕೆಪಾಸಿಟರ್ ಕಿಕ್, ಅಂದರೆ ಸ್ಟಾರ್ಟಿಗೆ ಒಂದು ಜೋರು ಏಟು, ಕೊಟ್ಟು ಬಿಡಿಸಿದೆ. ಕೆಪಾಸಿಟರ್ ಎಷ್ಟು ಎಂಎಫ್‌ಡಿ, ಎಷ್ಟು ಸೆಕೆಂಡ್, ಅದಕ್ಕೆ ಮುಂಚೆ ಕಂಪ್ರೆಸರಿನ ಹೊರ ಶೆಲ್ಲನ್ನು ಏನು ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದು ನನ್ನ ಹೊಟ್ಟೆಪಾಡು.

ಹಳೇ ಆಯಿಲ್ ಬಗ್ಗಿಸಿ, ಅಳತೆ ಮಾಡಿ, ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿದೆ. ಟೀ ಬಣ್ಣ ಇತ್ತು, ಸುಟ್ಟ ವಾಸನೆ ಇರಲಿಲ್ಲ. ಹೊಸ 3ಜಿಎಸ್ ಮಿನರಲ್ ಆಯಿಲ್ ಹಾಕಿದೆ. ಇವಾಪೊರೇಟರ್‌ನಲ್ಲಿ ಸಿಕ್ಕಿದ್ದನ್ನೂ ಸೇರಿಸಿಯೇ ಲೆಕ್ಕ ಹಿಡಿದೆ, ಮುನ್ನೂರು ಎಂಎಲ್ ಚಿಲ್ಲರೆ. ಹೈಡ್ರೋಕಾರ್ಬನ್ನಿಗೆ ಮಿನರಲ್ ಆಯಿಲ್ಲೇ ಸಾಕು. ಹಳೇ ಕಂಪ್ರೆಸರ್ ಉಳಿಸೋ ದಾರಿ ಇದೇ ಅಂತ ನಾನು ವಾದ ಮಾಡೋದು ಅದಕ್ಕೇ.

ಮೂಲ ಲೀಕ್ ಸಿಕ್ಕಿದ್ದು ತಾಮ್ರ-ಅಲ್ಯೂಮಿನಿಯಂ ಜಾಯಿಂಟಿನ ಸ್ಲೀವ್ ಅಡಿಯಲ್ಲಿ. ಸೋಪ್ ನೀರಿಗೆ ಗುಳ್ಳೆ ಬರಲೇ ಇಲ್ಲ, ಸ್ಲೀವ್ ಸೀಳಿದ ಮೇಲೆ ಬಂತು. ಎಪಾಕ್ಸಿ ಮೊದಲು ಹಚ್ಚಿ ನೋಡಿದೆ. ನೈಟ್ರೋಜನ್ ಪ್ರೆಷರ್ ಸಂಜೆ ಇಟ್ಟಿದ್ದು ಬೆಳಿಗ್ಗೆಗೆ ಇಳಿದಿತ್ತು. ಕೊನೆಗೆ ಆ ತುಂಡನ್ನೇ ತೆಗೆದು, ಬೆಂಕಿ ಇಲ್ಲದೆ ಒತ್ತಿ ಪೈಪ್ ಕೂಡಿಸೋ ಲಾಕ್‌ರಿಂಗ್ ಹಾಕಿದೆ. ರಿಂಗಿಗೆ ದುಡ್ಡು ಜಾಸ್ತಿ, ಟೂಲ್ ಗೆಳೆಯನಿಂದ ಎರವಲು. ಆದರೆ ಗಾಳಿ ಇಳಿಯಲಿಲ್ಲ.

ಗ್ಯಾಸ್ ಚಾರ್ಜಿಂಗ್‌ನಲ್ಲೇ ನನ್ನ ಹೆಚ್ಚು ಹೊತ್ತು ಹೋಗಿದ್ದು. ಫ್ರಿಜ್ಜಿನ ಪ್ಲೇಟಿನ ಮೇಲೆ ಆರ್-12 ಸುಮಾರು 120 ಗ್ರಾಂ ಅಂತಿತ್ತು. ಪ್ರೊಪೇನ್-ಐಸೋಬ್ಯುಟೇನ್ ಅರ್ಧರ್ಧ ಮಿಕ್ಸ್ ಆದರೆ ತೂಕದಲ್ಲಿ ಅದರ 40-45 ಪರ್ಸೆಂಟ್ ಸಾಕು. ಕ್ಯಾನ್ ತಲೆಕೆಳಗೆ ಹಿಡಿದು ಲಿಕ್ವಿಡ್ಡನ್ನೇ ಚೂರು ಚೂರಾಗಿ ಬಿಡಬೇಕು. ನೇರ ಹಿಡಿದರೆ ಪ್ರೊಪೇನ್ ಮುಂದೆ ಓಡುತ್ತೆ, ಮಿಕ್ಸ್ ಕೆಡುತ್ತೆ. 40 ಗ್ರಾಂಗೆ ಫ್ರೀಜರ್ ಅರ್ಧ ಮಾತ್ರ ಬಿಳಿಯಾಯಿತು. 55ಕ್ಕೆ, ಕಂಪ್ರೆಸರ್ರಿಗೆ ಗ್ಯಾಸ್ ವಾಪಸ್ ತರೋ ಸಕ್ಷನ್ ಪೈಪ್ ಹೊರಗಡೆ ಬೆವರಿ ಕಂಪ್ರೆಸರ್ ತನಕ ಫ್ರಾಸ್ಟ್ ಬಂತು. 48ರ ಆಸುಪಾಸಿನಲ್ಲಿ ನಿಂತೆ. ಎರಡು ಗ್ರಾಂಗೂ ವ್ಯತ್ಯಾಸ ಕಾಣುತ್ತೆ, ಗ್ರಾಂ ತೋರಿಸೋ ತಕ್ಕಡಿ ಇಲ್ಲದೆ ಕೈ ಹಾಕಬೇಡಿ. ಅಡುಗೆ ಸಿಲಿಂಡರ್ ಗ್ಯಾಸ್ ತುಂಬೋರು ಇದ್ದಾರೆ, ದಯವಿಟ್ಟು ಬೇಡ. ಅದರ ಮಿಶ್ರಣ ಪ್ರತಿ ಸಲ ಬೇರೆ, ಒಳಗೆ ತೇವ ಬೇರೆ.

ಇದು ಉರಿಯೋ ಗ್ಯಾಸ್. ಬ್ರೇಜಿಂಗ್ (ಬೆಂಕಿಯಲ್ಲಿ ಪೈಪ್ ಬೆಸೆಯೋದು) ಎಲ್ಲಾ ಮುಗಿದ ಮೇಲೇ ಚಾರ್ಜ್, ಆಮೇಲೆ ಬೆಸೆಯೋ ಟಾರ್ಚ್ ಹತ್ತಿರವೂ ಬರಬಾರದು. ಥರ್ಮೋಸ್ಟಾಟ್ ಕಿಡಿ ಒಳಗೆ ಇರಬಾರದು ಅಂತ ಅದನ್ನು ಹಿಂದಿನ ಕೆಳಗಿನ ಡಬ್ಬಿಗೆ ಸಾಗಿಸಿದೆ, ತಂಪು ಅಳೆಯೋ ಅದರ ಬಲ್ಬ್ ಮಾತ್ರ ಒಳಗೆ. ದೀಪದ ಸ್ವಿಚ್ ಸೀಲ್ಡ್ ಮಾಡಿದೆ. ಲಾಚ್‌ನ ಕೊಕ್ಕೆಯನ್ನೂ ತೆಗೆದುಬಿಟ್ಟೆ. ಒಳಗೆ ಸಿಕ್ಕಿದ ಮಗು ಅದನ್ನು ತಳ್ಳಿ ತೆಗೆಯೋಕಾಗಲ್ಲ, ಅಮೆರಿಕದಲ್ಲಿ 1956ರಲ್ಲೇ ಇದಕ್ಕೆ ಕಾನೂನು ತಂದರು. ಹಿಡಿಕೆ ಚಂದಕ್ಕೆ ಹಾಗೇ ಇದೆ, ಹಿಡಿಯೋದು ಮ್ಯಾಗ್ನೆಟ್ ಕ್ಯಾಚ್.

ಬಾಗಿಲ ಸುತ್ತಿನ ಪ್ಲಾಸ್ಟಿಕ್ ಪಟ್ಟಿ ತೆಗೆಯೋವಾಗ ಆತುರ ಬೇಡ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಐದು ನಿಮಿಷ ಇಟ್ಟರೆ ಮೆತ್ತಗಾಗಿ ಬಾಗುತ್ತೆ, ತಣ್ಣಗಿದ್ದಾಗ ಎಳೆದರೆ ಚಟ್ ಅಂತ ಮುರಿಯುತ್ತೆ. ಅದರ ಹಿಂದಿದ್ದ, ತಂಪು ಹಿಡಿದಿಡೋ ಗ್ಲಾಸ್ ವುಲ್ ನೀರು ಕುಡಿದು ಕೆಳಗೆ ಕುಸಿದು ಕೂತಿತ್ತು. ಎಲ್ಲ ಎಸೆದು ಹೊಸದು ತುಂಬಿದೆ. ಫೋಮ್ ಸ್ಪ್ರೇ ಮಾಡು ಅಂದವರ ಮಾತು ಕೇಳಲಿಲ್ಲ, ನಾಳೆ ಪೈಪ್ ಮುಟ್ಟಬೇಕಾದರೆ ಯಾರು ಕೆತ್ತುತ್ತಾರೆ?

ಬಾಗಿಲ ಅಂಚಿನ ರಬ್ಬರ್ ಗ್ಯಾಸ್ಕೆಟ್ ಎಲ್ಲೂ ಸಿಗಲ್ಲ. ಬೆಂಗಳೂರು ಜೆ.ಸಿ. ರಸ್ತೆಯಲ್ಲಿ ಗಾಡಿ ಬಾಗಿಲಿಗೆ ಹಾಕೋ ಟೊಳ್ಳು ರಬ್ಬರ್ ಬೀಡಿಂಗ್ ತಂದೆ. ಮೂಲೆ ಕೂಡಿಸೋ ಅಂಟು ಯಾವುದು ಅಂತ ಹೇಳಲ್ಲ, ಅದು ಎರಡನೇ ಗುಟ್ಟು. ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದರೆ ನಾಲ್ಕೂ ಕಡೆ ಒಂದೇ ಬಿಗಿ.

ನಡುವೆ ಇನ್ನೊಂದು ಪ್ರಯೋಗ: ಹಿಂದಿನ ಬಿಸಿ ಜಾಲರಿ, ಅಂದರೆ ಕಂಡೆನ್ಸರ್ ಮೇಲೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಕಟ್ಟಿ, ಕಂಪ್ರೆಸರ್ ಜೊತೆಗೇ ಓಡೋ ಹಾಗೆ ಮಾಡಿದೆ. ಪ್ಲಗ್ ಮೀಟರಲ್ಲಿ ದಿನಕ್ಕೆ ಒಂದೂವರೆ ಯೂನಿಟ್ ಇದ್ದದ್ದು ಒಂದೂಕಾಲು ಯೂನಿಟ್ ಹತ್ತಿರ ಇಳಿಯಿತು. ಇಷ್ಟು ಸಣ್ಣ ಫ್ಯಾನಿಗೆ ಇಷ್ಟು ಲಾಭ ಅಂತ ಯಾರೂ ನಂಬಲಿಲ್ಲ, ಮೀಟರ್ ತೋರಿಸಿದೆ.

ಖರ್ಚು ನೆನಪಿರೋ ಹಾಗೆ: ಪೇಂಟ್ ಮೂರೂವರೆ ಸಾವಿರ, ಹಿಡಿಕೆಗೆ ಕ್ರೋಮ್ ಸಾವಿರದ ಇನ್ನೂರು, ವುಲ್ ಮತ್ತು ಬೀಡಿಂಗ್ ಸೇರಿ ಸಾವಿರದ ಆರುನೂರು, ಲಾಕ್‌ರಿಂಗ್, ಗ್ಯಾಸ್, ಡ್ರೈಯರ್, ಥರ್ಮೋಸ್ಟಾಟ್ ಎಲ್ಲಾ ಮೂರು ಸಾವಿರದ ಮೇಲೆ. ಹತ್ತರ ಒಳಗೆ ಮುಗಿಯಿತು. ಹದಿನಾರು ತಗೊಂಡೆ, ಮನೆಯವರು ಖುಷಿಯಿಂದ ಕೊಟ್ಟರು. ಕೆಲಸ ಮಾತ್ರ ಒಂದು ತಿಂಗಳು ಹಿಡಿಯಿತು, ಅದಕ್ಕೆ ಬೇರೆ ಲೆಕ್ಕ ಹಾಕಿಲ್ಲ.

ಕಾಯಿಲ್ ಸುಟ್ಟಿದ್ದರೆ, ಆಯಿಲ್ ಕಪ್ಪಾಗಿ ಹುಳಿ ವಾಸನೆ ಬಂದಿದ್ದರೆ ಈ ದಾರಿ ಬೇಡ, ಆಗ ಹೊಸದೇ ಹಾಕಬೇಕು. ಇಲ್ಲದಿದ್ದರೆ ಕತ್ತರಿಸೋ ಮುಂಚೆ ಮೂರು ಪಿನ್ನಿಗೆ ಮೀಟರ್ ಇಟ್ಟು ನೋಡಿ.